ಹೊಗೆ ವಾಪಸ್ ಬರದಂಗೆ ಎರಡು ಪಾತ್ರೆ ಸೌದೆ ಒಲೆ ಕಟ್ಟೋದು ಹೇಗೆ: ಪಾತ್ರೆ ಆರಿಸೋದ್ರಿಂದ ಮಸಿ ತೆಗೆಯೋವರೆಗೆ

ಗ್ಯಾಸ್ ಇದ್ರೂ ನಮ್ ಕಡೆ ಸ್ನಾನದ ನೀರಿಗೆ, ಮುದ್ದೆ ಎಸರಿಗೆ, ಹಬ್ಬದ ಅಡುಗೆಗೆ ಸೌದೆ ಒಲೆ ಬೇಕೇ ಬೇಕು. ರೇಷ್ಮೆ ಹುಳ ಮೇಯ್ಸೋ ಮನೆಗಳಲ್ಲಿ ಸೊಪ್ಪು ತಿಂದು ಉಳಿದ ರೇಷ್ಮೆ ಕಡ್ಡಿ, ಅಂದ್ರೆ ಹಿಪ್ಪುನೇರಳೆ ಕಡ್ಡಿ, ಬೇರೆ ರಾಶಿ ಬಿದ್ದಿರುತ್ತೆ, ಅದನ್ನ ಬಿಟ್ಟು ಸಿಲಿಂಡರ್ ಯಾಕೆ ಖರ್ಚು ಮಾಡ್ಬೇಕು ಅನ್ನೋದು ನ್ಯಾಯವಾದ ಮಾತೇ. ಆದ್ರೆ ಶಿಡ್ಲಘಟ್ಟ, ಚಿಂತಾಮಣಿ ಸುತ್ತಮುತ್ತ ನಾನು ಹೋದ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದು ಒಂದೇ ದೂರು: ಹೊಗೆ ಕೊಳವೆ ಹಾಕ್ಸಿದ್ವಿ, ದುಡ್ಡೂ ಹೋಯ್ತು, ಹೊಗೆ ಮಾತ್ರ ಒಲೆ ಬಾಯಿಂದಾನೇ ಮುಖಕ್ಕೆ ಬರ್ತಾ ಐತೆ. ಆಮೇಲೆ ಒಂದಿನ ಕೊಳವೆ ಕಿತ್ತು ಹಾಕಿ ಮೂರು ಕಲ್ಲಿನ ಒಲೆಗೆ ವಾಪಸ್ ಹೋಗ್ತಾರೆ. ನನಗೆ ಇದು ನಿಜವಾಗ್ಲೂ ಸಂಕಟ ಕೊಡೋ ವಿಷಯ, ಯಾಕಂದ್ರೆ ಆ ಹೊಗೆ ಕುಡಿಯೋದು ಮನೆ ಹೆಂಗಸರು ಮತ್ತೆ ಅವರ ಮಡಿಲಲ್ಲಿ ಕೂತಿರೋ ಮಕ್ಕಳು.

ತಪ್ಪು ಎಲ್ಲಾಗುತ್ತೆ ಅಂದ್ರೆ ಕೆಲಸದ ಕ್ರಮದಲ್ಲಿ. ಎಲ್ಲರೂ ಮೊದಲು ಒಲೆ ಕಟ್ತಾರೆ, ಆಮೇಲೆ ಅದಕ್ಕೆ ಕೊಳವೆ ಸಿಗಿಸ್ತಾರೆ, ಕೊನೆಗೆ ಮನೇಲಿರೋ ಯಾವುದೋ ಪಾತ್ರೆ ತಂದು ಇಡ್ತಾರೆ. ಪಾತ್ರೆ ಕೂರಲ್ಲ, ಸುತ್ತ ಸಂದು ಉಳಿಯುತ್ತೆ, ಸಂದಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತೆ, ಕೊಳವೆ ಬಿಸಿ ಆಗಲ್ಲ, ಬಿಸಿ ಆಗದ ಕೊಳವೆ ಹೊಗೆ ಎಳೆಯಲ್ಲ. ಇದನ್ನ ತಿರುಗಿಸಿ ಮಾಡ್ಬೇಕು: ಮೊದಲು ಪಾತ್ರೆ, ಆಮೇಲೆ ಕೊಳವೆ, ಕೊನೆಗೆ ಒಲೆ. ಕೆಳಗಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ, ದಯವಿಟ್ಟು ಹಿಂದೆ ಮುಂದೆ ಮಾಡ್ಬೇಡಿ.

ಬೇಕಾಗೋ ಸಾಮಾನು

ಇಟ್ಟಿಗೆ 60ರಿಂದ 70 ಸಾಕು, ಚೆನ್ನಾಗಿ ಬೆಂದಿರೋ ಕೆಂಪಿಟ್ಟಿಗೆ ಆಗ್ಬೇಕು, ಕೋಲಾರದ ಕಡೆಯವರಾದ್ರೆ ಮಾಲೂರಲ್ಲೇ ಸಿಗುತ್ತೆ. ಎರಡು ಇಟ್ಟಿಗೆ ಒಂದಕ್ಕೊಂದು ಬಡಿದ್ರೆ ಗಣಗಣ ಅನ್ಬೇಕು, ದಪ್ ಅಂದ್ರೆ ಬೆಂದಿಲ್ಲ ಅಂತ. ಸಿಮೆಂಟ್ ಬ್ಲಾಕ್ ಬೇಡ.

ಹುತ್ತದ ಮಣ್ಣು ಇಲ್ಲಾ ಕೆಮ್ಮಣ್ಣು 8 ಬಾಂಡ್ಲಿ, ಮರಳು 4 ಬಾಂಡ್ಲಿ, ಸಗಣಿ ಒಂದು ಬಾಂಡ್ಲಿ, ಒಂದಿಂಚು ಉದ್ದಕ್ಕೆ ಕತ್ತರಿಸಿದ ರಾಗಿ ಹುಲ್ಲು ಒಂದು ದೊಡ್ಡ ಹೊರೆ. 4 ಇಂಚು ದಪ್ಪ ಇರೋ ಬಾಳೆ ದಿಂಡು ಎರಡು ತುಂಡು, ಇದು ಯಾಕೆ ಅಂತ ಮುಂದೆ ಹೇಳ್ತೀನಿ. ಬೆಂಕಿ ಕೆಳಗೆ ಹಾಕೋಕೆ ಎರಕದ ಜಾಲರಿ, ಸಿಗದಿದ್ರೆ 12 ಎಂಎಂ ಕಬ್ಬಿಣದ ಸರಳು ಒಂದಡಿ ಉದ್ದದ್ದು 8 ತುಂಡು. 4 ಇಂಚಿನ ಕೊಳವೆ, ಅದಕ್ಕೊಂದು ಟೋಪಿ, ಗೋಡೆಗೆ ಹಿಡಿಸೋ ಕ್ಲಾಂಪ್ 3. ಟೇಪು, ಕರಣೆ, ನೀರು ಮಟ್ಟ ನೋಡೋ ಪೈಪು ಇಲ್ಲಾ ಸ್ಪಿರಿಟ್ ಲೆವೆಲ್, ಒಂದು ಹಳೇ ತವಾ. ತವಾ ಮರೀಬೇಡಿ, ಅದರ ಕೆಲಸ ದಿನಾ ಇರುತ್ತೆ.

ಹಂತ 1: ಪಾತ್ರೆ ಮೊದಲು ಗೊತ್ತು ಮಾಡ್ಕೊಳ್ಳಿ

ಮನೇಲಿ ದಿನಾ ಯಾವ ಪಾತ್ರೇಲಿ ಮುದ್ದೆ ಮಾಡ್ತಾರೋ ಅದನ್ನೇ ತಗೊಳ್ಳಿ, ಅಡುಗೆ ಮಾಡೋರನ್ನ ಕೇಳಿ, ಗಾರೆ ಕೆಲಸದೋರನ್ನ ಕೇಳ್ಬೇಡಿ. ಹೊಟ್ಟೆ ಇರೋ, ತಳ ಉಂಡಗೆ ಇರೋ ಪಾತ್ರೆ ಒಳ್ಳೇದು, ಅದು ತೂತಲ್ಲಿ ತನ್ನ ಹೊಟ್ಟೆ ಮೇಲೇ ಕೂತ್ಕೊಳ್ಳುತ್ತೆ, ಸುತ್ತ ಸಂದು ಇರಲ್ಲ. ನೆಟ್ಟಗಿರೋ ಡಬರಿ ಆದ್ರೆ ಒಂದಾ ತೂತೊಳಗೆ ಜಾರುತ್ತೆ, ಇಲ್ಲಾ ಮೇಲೇ ಕೂತು ಅರ್ಧ ಶಾಖ ಹೊರಗೆ ಹೋಗುತ್ತೆ.

ಮುಂದಿನ ತೂತಿಗೆ ಮುದ್ದೆ ಅನ್ನಕ್ಕೆ ಬಳಸೋ ಪಾತ್ರೆ, ಹಿಂದಿನ ತೂತಿಗೆ ನೀರು ಕಾಯಿಸೋದು ಇಲ್ಲಾ ಸಾರು ಕುದಿಸೋದು. ಎರಡೂ ಸುಮಾರು 10 ಇಂಚು ಅಗಲ ಇದ್ರೆ ಈ ಕೆಳಗಿನ ಅಳತೆ ಹಂಗೇ ನಡೆಯುತ್ತೆ. ತಳದಿಂದ 3 ಇಂಚು ಮೇಲಕ್ಕೆ ಪಾತ್ರೆ ಸುತ್ತ ಸುಣ್ಣದಲ್ಲಿ ಒಂದು ಗೆರೆ ಎಳೀರಿ. ಆ ಗೆರೆವರೆಗೆ ಪಾತ್ರೆ ಒಲೆ ಒಳಗೆ ಇಳೀಬೇಕು.

ಒಲೆ ಕಟ್ಟಿದ ಮೇಲೆ ಪಾತ್ರೆ ಬದಲಾಯಿಸೋ ಹಂಗಿಲ್ಲ. ಆರು ತಿಂಗಳಿಗೆ ಸೊಸೆ ತವರಿಂದ ಹೊಸ ಪಾತ್ರೆ ತರ್ತಾಳೆ ಅನ್ನೋದಾದ್ರೆ ಅದನ್ನ ಈಗ್ಲೇ ಯೋಚ್ನೆ ಮಾಡಿ.

ಹಂತ 2: ಕೊಳವೆ ದಾರಿ ನೋಡಿ, ಕೊಳವೆ ನಿಲ್ಲಿಸಿ

ಇಲ್ಲೇ ಜಾಸ್ತಿ ಜನ ಸೋಲೋದು, ಹಾಗಾಗಿ ನಿಧಾನವಾಗಿ ಓದಿ. ಕೊಳವೆ ಹೊಗೇನ ಎಳೆಯೋದಕ್ಕೆ ಎರಡೇ ಕಾರಣ, ಒಳಗಿನ ಗಾಳಿ ಬಿಸಿ ಇರೋದು, ಕೊಳವೆ ಎತ್ತರ ಇರೋದು. ಬಿಸಿ ಗಾಳಿ ಹಗುರ, ಮೇಲೆ ಏರುತ್ತೆ, ಏರ್ತಾ ಕೆಳಗಿಂದ ಹೊಸ ಗಾಳಿ ಎಳ್ಕೊಳ್ಳುತ್ತೆ. ಕೊಳವೆ ಗಿಡ್ಡ ಆದ್ರೆ, ಅಡ್ಡ ಮಲಗಿದ್ರೆ, ಎರಡು ಕಡೆ ಬಾಗಿದ್ರೆ ಆ ಎಳೆತ ಸತ್ತು ಹೋಗುತ್ತೆ. ನಮ್ಮಕ್ಕನ ಮನೇಲಿ ನಾನು ಮೊದಲ ಸಲ ಕಟ್ಟಿದಾಗ ಶೀಟಿಗೆ ತೂತು ಮಾಡೋದು ಬೇಡ ಅಂತ ಗೋಡೇಲಿ ಅಡ್ಡ 3 ಅಡಿ ಹೊರಗೆ ಹಾಕಿ ಅಲ್ಲಿಂದ ಮೇಲಕ್ಕೆ ತಿರುಗಿಸಿದ್ದೆ. ಒಂದು ತಿಂಗಳು ಅಕ್ಕ ಕಣ್ಣುಜ್ಜಿಕೊಂಡೇ ಅಡುಗೆ ಮಾಡಿದಳು, ಆಮೇಲೆ ಪೂರ್ತಿ ಒಡೆದು ನೆಟ್ಟಗೆ ಹಾಕಿದ ದಿನಾನೇ ಹೊಗೆ ಹೋಯ್ತು.

ಒಲೆ ಮೇಲ್ಮಟ್ಟದಿಂದ ಕೊಳವೆ ತುದಿಗೆ ಕಮ್ಮಿ ಅಂದ್ರೂ 10 ಅಡಿ ಇರ್ಬೇಕು. ಮಾಳಿಗೆ ಇಲ್ಲಾ ಶೀಟಿನ ಮೇಲೆ 2ರಿಂದ 3 ಅಡಿ ಎದ್ದಿರ್ಬೇಕು, ಪಕ್ಕದಲ್ಲಿ ಪ್ಯಾರಾಪೆಟ್ ಗೋಡೆನೋ ನೀರಿನ ಟ್ಯಾಂಕೋ ಇದ್ರೆ ಅದಕ್ಕಿಂತ ಮೇಲಿರ್ಬೇಕು. ನಮ್ ಕಡೆ ಆಷಾಢದ ಗಾಳಿ ಪಶ್ಚಿಮದಿಂದ ಹೊಡೆಯುತ್ತೆ, ಎತ್ತರದ ಗೋಡೆಯ ಮರೇಲಿ ಗಿಡ್ಡ ಕೊಳವೆ ಇದ್ರೆ ಗಾಳಿ ಗೋಡೆ ದಾಟಿ ಕೆಳಗೆ ಮುಗುಚಿ ಕೊಳವೆ ಒಳಗೇ ಇಳಿಯುತ್ತೆ. ಬೇಸಿಗೇಲಿ ಚೆನ್ನಾಗಿದ್ದ ಒಲೆ ಜೂನ್ ಜುಲೈನಲ್ಲಿ ಹೊಗೆ ಉಗುಳೋಕೆ ಶುರು ಮಾಡಿದ್ರೆ ಇದೇ ಕಾರಣ.

ಕೊಳವೆ ಯಾವುದು ಹಾಕ್ಬೇಕು? ಕುಂಬಾರರ ಹತ್ರ ಸುಟ್ಟ ಮಣ್ಣಿನ ಕೊಳವೆ ಸಿಕ್ರೆ ಅದು ಒಳ್ಳೇದು, ಸಿಗದಿದ್ರೆ ಶೀಟ್ ಕೆಲಸದೋರ ಹತ್ರ 4 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನ ಕೊಳವೆ ಮಾಡ್ಸಿ. ಪಿವಿಸಿ ಪೈಪು ಖಂಡಿತ ಬೇಡ, ಅದು 80 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗಿ ಬಾಗುತ್ತೆ, ಸುಟ್ರೆ ಬರೋ ಹೊಗೆ ವಿಷ. ಬೋರ್‌ವೆಲ್ ಕೆಲಸದಲ್ಲಿ ಉಳಿದಿದ್ದ ಪೈಪ್ ತುಂಡು ಹಾಕಿರೋದನ್ನ ಕಣ್ಣಾರೆ ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಹಳೇ ಆಸ್ಬೆಸ್ಟಾಸ್ ಕೊಳವೆ ಮನೇಲಿದ್ರೂ ಅದನ್ನ ಗರಗಸದಲ್ಲಿ ಕುಯ್ಯೋಕೆ ಹೋಗ್ಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ.

ಶೀಟ್ ಮನೆ ಆದ್ರೆ ಶೀಟಿಗೆ ಕೊಳವೆಗಿಂತ ದೊಡ್ಡ ತೂತು ಮಾಡಿ ತಗಡಿನ ಕಾಲರ್ ಹಾಕ್ಸಿ, ಮಳೆ ನೀರು ಇಳಿಯಲ್ಲ. ಮರದ ತೀರು, ರೀಪರ್ ಇದ್ರೆ ತಗಡಿನ ಕೊಳವೆಯಿಂದ ಒಂದೂವರೆ ಅಡಿ ದೂರ ಇರ್ಲಿ. ಗರಿ ಹೊದಿಸಿರೋ ಸೂರಿನ ಮೂಲಕ ಕೊಳವೆ ತೂರಿಸ್ಲೇಬೇಡಿ. ಆರ್‌ಸಿಸಿ ಆದ್ರೆ ಮೋಲ್ಡ್ ಒಡೆಯೋದು ಯಾರಿಗೂ ಇಷ್ಟ ಆಗಲ್ಲ, ಆಗ ಗೋಡೇಲಿ ಓರೆಯಾಗಿ, 45 ಡಿಗ್ರಿ ಮೇಲ್ಮುಖವಾಗಿ ಹೊರಗೆ ತಗೊಂಡು ಅಲ್ಲಿಂದ ನೆಟ್ಟಗೆ ಏರಿಸಿ, ಎತ್ತರ 2 ಅಡಿ ಜಾಸ್ತಿ ಮಾಡಿ. ಟೋಪಿಗೂ ಕೊಳವೆ ತುದಿಗೂ ಮಧ್ಯ 4 ಇಂಚು ಜಾಗ ಬಿಡಿ. ಮಳೆ ಬೀಳ್ಬಾರ್ದು ಅಂತ ಟೋಪೀನ ಕೊಳವೆಗೆ ಅಂಟಿಸಿದಂಗೆ ಕೂರಿಸ್ತಾರೆ, ಅದು ಬಾಯಿಗೆ ಬಟ್ಟೆ ತುರುಕಿದಂಗೆ.

ಕೊಳವೇನ ಕ್ಲಾಂಪ್ ಹಾಕಿ ಗೋಡೆಗೆ ನಿಲ್ಲಿಸ್ಬಿಡಿ, ಕೆಳಗಿನ ತುದಿ ಒಲೆ ಮೇಲ್ಮಟ್ಟ ಬರೋ ಜಾಗದಿಂದ 2 ಅಡಿ ಮೇಲೆ ನೇತಾಡ್ತಿರ್ಲಿ. ಆ 2 ಅಡೀನ ಇಟ್ಟಿಗೆ ಗೂಡಲ್ಲಿ ಕಟ್ಟಿ ಸೇರಿಸ್ತೀವಿ. ಈಗ ಆ ತುದಿಯಿಂದ ದಾರ ಕಟ್ಟಿ ಕಲ್ಲು ಇಳಿಬಿಡಿ, ಕಲ್ಲು ಎಲ್ಲಿ ನೆಲ ಮುಟ್ಟುತ್ತೋ ಅದು ಒಲೆಯ ಹಿಂಭಾಗದ ಗುರುತು.

ಹಂತ 3: ಮಣ್ಣು ಹದ ಮಾಡೋದು

ಕೊಳವೆ ಕೆಲಸ ಶುರು ಮಾಡೋ ದಿನಾನೇ ಮಣ್ಣು ನೆನೆ ಹಾಕಿ. ಎರಡು ಪಾಲು ಹುತ್ತದ ಮಣ್ಣಿಗೆ ಒಂದು ಪಾಲು ಮರಳು, ಸಗಣಿ, ರಾಗಿ ಹುಲ್ಲು ಸೇರ್ಸಿ ಚೆನ್ನಾಗಿ ತುಳಿದು ಎರಡು ದಿನ ಗೋಣಿಚೀಲ ಮುಚ್ಚಿಡಿ, ಮಧ್ಯ ಒಂದ್ಸಲ ಮತ್ತೆ ತುಳೀರಿ. ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಒಣಗಿಸಿ ನೋಡಿ, ಬಾಯಿ ಬಿಟ್ರೆ ಮರಳು ಕಮ್ಮಿ, ಬೆರಳಲ್ಲಿ ಉಜ್ಜಿದ್ರೆ ಉದುರಿದ್ರೆ ಮರಳು ಜಾಸ್ತಿ.

ಸಿಮೆಂಟ್ ಗಟ್ಟಿ ಅಂತ ಬೆಂಕಿ ಗೂಡಿಗೆ ಸಿಮೆಂಟ್ ಹಾಕಿಸ್ತಾರೆ. ಬೆಂಕಿ ಶಾಖಕ್ಕೆ ಸಿಮೆಂಟ್ ಒಳಗಿನ ಕಟ್ಟು ಬಿಟ್ಟು ಪುಡಿಪುಡಿ ಆಗುತ್ತೆ. ಇನ್ನು ನಮ್ಮ ಚಿಕ್ಕಬಳ್ಳಾಪುರದ ಕಡೆ ಸೈಜುಗಲ್ಲಿಗೆ (ಕಟ್ಟಡಕ್ಕೆ ಒಡೆದ ಕಲ್ಲಿಗೆ) ಬರ ಇಲ್ಲ, ಸುಲಭಕ್ಕೆ ಸಿಗುತ್ತೆ ಅಂತ ಅದನ್ನೇ ಬೆಂಕಿಗೆ ತಾಗೋ ಕಡೆ ಇಡ್ತಾರೆ, ಕಾದ ಕಲ್ಲಿಗೆ ಎಸರು ಉಕ್ಕಿ ಬಿದ್ರೆ ಕಲ್ಲು ಚಟ್ ಅಂತ ಸಿಡಿಯುತ್ತೆ. ಕಲ್ಲು ಕಟ್ಟೆಗೆ ಇರ್ಲಿ, ಬೆಂಕಿ ಮುಟ್ಟೋ ಕಡೆ ಇಟ್ಟಿಗೆ ಮತ್ತೆ ಮಣ್ಣು ಅಷ್ಟೇ.

ಹಂತ 4: ಕಟ್ಟೆ, ಬೂದಿ ಗುಂಡಿ, ಜಾಲರಿ

ಒಲೆ ಉದ್ದ ಮೂರೂವರೆ ಅಡಿ, ಅಗಲ 2 ಅಡಿ, ಎತ್ತರ 14 ಇಂಚು. ಕೂತು ಅಡುಗೆ ಮಾಡೋರಾದ್ರೆ ನೆಲದ ಮೇಲೇ, ನಿಂತು ಮಾಡೋರಾದ್ರೆ ಒಂದೂವರೆ ಅಡಿ ಕಟ್ಟೆ ಮೇಲೆ. ತಳ ಸಮ ಇದೆಯಾ ಅಂತ ಲೆವೆಲ್ ಇಟ್ಟು ನೋಡಿ, ಒಂದು ಕಡೆ ವಾಲಿದ್ರೆ ಪಾತ್ರೆ ಒಂದು ಬದಿ ಎದ್ದು ನಿಲ್ಲುತ್ತೆ.

ಬಾಯಿ ಕಡೆ 8 ಇಂಚು ಅಗಲಕ್ಕೆ 4 ಇಂಚು ಎತ್ತರದ ಬೂದಿ ಗುಂಡಿ ಬಿಟ್ಟು ಎರಡೂ ಪಕ್ಕ ಇಟ್ಟಿಗೆ ಏರಿಸಿ, ಅದರ ಮೇಲೆ ಅರ್ಧ ಇಂಚು ಸಂದು ಬಿಟ್ಟು ಸರಳು ಜೋಡಿಸಿ. ಈ ಜಾಲರಿ ಬೇಕೇ ಬೇಕಾ ಅಂತ ಕೇಳ್ತಾರೆ. ಬೇಕು. ಕೆಳಗಿಂದ ಗಾಳಿ ಬಂದ್ರೆ ಕೆಂಡ ಪೂರ್ತಿ ಉರಿಯುತ್ತೆ, ಇಲ್ಲಾಂದ್ರೆ ಬೂದೀಲಿ ಹೂತು ಇದ್ದಿಲಾಗಿ ಕೂರುತ್ತೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನ ನೋಡ್ಕೊಳ್ತಿದ್ದ ಅಸ್ತ್ರ ವಿಭಾಗದೋರು ಕೆಲಸ ಮಾಡಿ ಹಳ್ಳಿಗಳಿಗೆ ಕೊಟ್ಟ ಮೂರು ಪಾತ್ರೆಯ ಅಸ್ತ್ರ ಒಲೆಯ ಗುಟ್ಟೂ ಇದೇ: ಮುಚ್ಚಿದ ಬೆಂಕಿ ಗೂಡು, ಕೆಳಗೆ ಜಾಲರಿ, ತೂತಿಗೆ ಅಂಟಿ ಕೂರೋ ಪಾತ್ರೆ. ನಾವು ಕಟ್ತಿರೋದು ಅದೇ ದಾರೀದು, ಒಂದು ಪಾತ್ರೆ ಕಮ್ಮಿ.

ಸರಳಿನ ತುದಿಗಳನ್ನ ಮಣ್ಣಲ್ಲಿ ಬಿಗಿಯಾಗಿ ಮುಚ್ಬೇಡಿ, ಕಾದಾಗ ಕಬ್ಬಿಣ ಉದ್ದ ಆಗುತ್ತೆ, ಜಾಗ ಇಲ್ಲದಿದ್ರೆ ಗೋಡೇನೇ ಒಡೆಯುತ್ತೆ. ಎರಡೂ ಕಡೆ ಕಾಲಿಂಚು ಸಡಿಲ ಬಿಡಿ.

ಹಂತ 5: ಬೆಂಕಿ ಗೂಡು, ಮೊದಲ ಪಾತ್ರೆ

ಗೂಡಿನ ಒಳಗಡೆ ಅಗಲ 8 ಇಂಚು, ಉದ್ದ 9 ಇಂಚು. ಬಾಯಿ 6 ಇಂಚು ಅಗಲ, 5 ಇಂಚು ಎತ್ತರ, ಅದಕ್ಕಿಂತ ದೊಡ್ಡದು ಬೇಡ. ದೊಡ್ಡ ಬಾಯಿ ಬಿಟ್ರೆ ದೊಡ್ಡ ಕೊರಡು ತುರುಕಬಹುದು ಅಂತ ಆಸೆ ಇರುತ್ತೆ, ಆದ್ರೆ ಅಷ್ಟು ಬಾಯಿಂದ ನುಗ್ಗೋ ತಣ್ಣನೆ ಗಾಳಿ ಉರೀನ ಆರಿಸುತ್ತೆ, ಕೊಳವೇನ ತಣ್ಣಗೆ ಮಾಡುತ್ತೆ.

ಜಾಲರಿಯಿಂದ ಪಾತ್ರೆ ತಳಕ್ಕೆ 6ರಿಂದ 7 ಇಂಚು ದೂರ. ಇದು ಮುಖ್ಯ ಅಳತೆ, ಕಣ್ಣಂದಾಜಲ್ಲಿ ಹೋಗ್ಬೇಡಿ. ಕಮ್ಮಿ ಆದ್ರೆ ಉರಿ ಪೂರ್ತಿ ಏಳೋಕೆ ಮುಂಚೆ ತಣ್ಣನೆ ಪಾತ್ರೆಗೆ ತಾಗಿ ಮಸಿ ಆಗುತ್ತೆ, ಜಾಸ್ತಿ ಆದ್ರೆ ಉರಿ ಪಾತ್ರೆ ಮುಟ್ಟೋದೇ ಇಲ್ಲ.

ಗೋಡೆ ಆ ಮಟ್ಟಕ್ಕೆ ಬಂದ ಮೇಲೆ ಮೇಲಿನ 3 ಇಂಚು ಪೂರ್ತಿ ಮಣ್ಣಲ್ಲಿ ಕಟ್ಟಿ, ಪಾತ್ರೆಗೆ ಹೊರಗಡೆ ಬೂದಿ ಸವರಿ ಒದ್ದೆ ಮಣ್ಣಿನ ಮೇಲಿಟ್ಟು ಸುಣ್ಣದ ಗೆರೆವರೆಗೆ ನಿಧಾನಕ್ಕೆ ತಿರುಗಿಸ್ತಾ ಒತ್ತಿ. ಬೂದಿ ಸವರಿದ್ರೆ ಮಣ್ಣು ಅಂಟಲ್ಲ. ತೂತು ಪಾತ್ರೆಯ ಅಚ್ಚಿನಂಗೆ ಬರ್ಬೇಕು. ಒಂದು ಗಂಟೆ ಬಿಟ್ಟು ತಿರುಗಿಸಿ ತೆಗೀರಿ. ಒಣಗ್ತಾ ಮಣ್ಣು ಕುಗ್ಗುತ್ತೆ, ಅದಕ್ಕೆ ಒಣಗೋವರೆಗೂ ದಿನಾ ಬೆಳಿಗ್ಗೆ ಸಂಜೆ ಅದೇ ಪಾತ್ರೆ ಇಟ್ಟು ಎರಡು ಸುತ್ತು ತಿರುಗಿಸ್ತಾ ಇರಿ. ಇದನ್ನ ಮಾಡದೆ ಬಿಟ್ಟು ಎಂಟು ದಿನ ಆದ್ಮೇಲೆ ಪಾತ್ರೆ ಕೂರ್ತಿಲ್ಲ ಅಂತ ಕರಣೇಲಿ ಕೆರೆದು ತೂತು ದೊಡ್ಡದು ಮಾಡ್ಕೊಂಡೋರೇ ಹೆಚ್ಚು.

ಹಂತ 6: ಸುರಂಗ, ಎರಡನೇ ಪಾತ್ರೆ

ಮೊದಲ ಗೂಡಿನ ಹಿಂದಿನ ಗೋಡೇಲಿ, ಜಾಲರಿಯಿಂದ 4 ಇಂಚು ಮೇಲೆ, ಬಾಳೆ ದಿಂಡು ಮಲಗಿಸಿ ಸುತ್ತ ಮಣ್ಣು ಮೆತ್ತಿ. ಹಿಂದಿನ ತುದಿ ಒಂದಿಂಚು ಎತ್ತರ ಇರ್ಲಿ, ಬಿಸಿ ಗಾಳಿಗೆ ಏರೋ ದಾರಿ ಬೇಕು. ಮಣ್ಣು ಬಿಗಿ ಆದ ಮೇಲೆ ದಿಂಡನ್ನ ತಿರುಗಿಸಿ ಎಳೆದ್ರೆ 4 ಇಂಚಿನ ಸುರಂಗ ನುಣ್ಣಗೆ ಸಿದ್ಧ. ಬರದಿದ್ರೆ ಬಿಟ್ಬಿಡಿ, ಬಾಡಿ ಸಣ್ಣಗಾಗಿ ತಾನೇ ಬರುತ್ತೆ. ಸುರಂಗ ಕೊಳವೆಯಷ್ಟೇ ಅಗಲ ಇರ್ಬೇಕು ಅನ್ನೋದು ಲೆಕ್ಕ, ದಾರೀಲಿ ಎಲ್ಲೇ ಕಿರಿದಾದ್ರೂ ಹೊಗೆ ಅಲ್ಲೇ ತಡೆದು ಬಾಯಿಗೆ ವಾಪಸ್ ಬರುತ್ತೆ.

ಎರಡನೇ ಪಾತ್ರೆ ಕೆಳಗೆ ಬೆಂಕಿ ಇರಲ್ಲ, ಬರೀ ಬಿಸಿ ಗಾಳಿ ಹಾದು ಹೋಗುತ್ತೆ. ಅಲ್ಲಿ ದೊಡ್ಡ ಗುಂಡಿ ಬಿಟ್ರೆ ಗಾಳಿ ಪಾತ್ರೆ ಮುಟ್ಟದೇ ಕೆಳಗಿಂದಾನೇ ಕೊಳವೆಗೆ ಓಡುತ್ತೆ, ಎರಡನೇ ಪಾತ್ರೆ ಬಿಸಿನೇ ಆಗಲ್ಲ ಅನ್ನೋ ದೂರಿಗೆ ಇದೇ ಮೂಲ. ಇಟ್ಟಿಗೆ ಚೂರು, ಮಣ್ಣು ತುಂಬಿ ತಟ್ಟೆ ಆಕಾರದ ದಿಬ್ಬ ಮಾಡಿ, ದಿಬ್ಬಕ್ಕೂ ಪಾತ್ರೆ ತಳಕ್ಕೂ ಒಂದಿಂಚು ಮಾತ್ರ ಸಂದು ಇರ್ಲಿ. ಅಳೆಯೋದು ಹೇಗೆ ಅಂದ್ರೆ, ದಿಬ್ಬದ ಮೇಲೆ ಮೆತ್ತನೆ ಮಣ್ಣಿನ ಉಂಡೆ ಇಟ್ಟು ಪಾತ್ರೆ ಇಳಿಸಿ ಗೆರೆವರೆಗೆ ಒತ್ತಿ ತೆಗೀರಿ, ಚಪ್ಪಟೆ ಆದ ಉಂಡೆ ಎಷ್ಟು ದಪ್ಪ ಇದೆಯೋ ಅಷ್ಟೇ ಸಂದು. ಪಾತ್ರೆ ಪಕ್ಕದಲ್ಲೂ ಸುತ್ತ ಒಂದಿಂಚು ದಾರಿ ಇರ್ಲಿ, ಮೇಲೆ ತೂತಿನ ಅಂಚು ಮಾತ್ರ ಪಾತ್ರೆಗೆ ಅಂಟ್ಬೇಕು.

ಸುರಂಗದ ಎದುರು ಬದೀಲಿ, ಸ್ವಲ್ಪ ಮೇಲೆ, ಇನ್ನೊಂದು ಬಾಳೆ ದಿಂಡಿಟ್ಟು ಕೊಳವೆ ಬುಡಕ್ಕೆ ದಾರಿ ಮಾಡಿ.

ಹಂತ 7: ಕೊಳವೆ ಬುಡ ಸೇರಿಸೋದು

ಬುಡದಲ್ಲಿ ಇಟ್ಟಿಗೆ ಗೂಡು ಕಟ್ಟಿ ಮೇಲಿಂದ ನೇತಾಡ್ತಿರೋ ಕೊಳವೆಗೆ ಸೇರ್ಸಿ, ಸಂದು ಒಂದೂ ಬಿಡದಂಗೆ ಮಣ್ಣು ಮೆತ್ತಿ. ಗೂಡಿನ ಕೆಳಗಡೆ ಕೈ ಹೋಗೋಷ್ಟು ಕಿಂಡಿ ಬಿಡಿ, ಅದಕ್ಕೆ ಅರ್ಧ ಇಟ್ಟಿಗೆ ಇಟ್ಟು ಮಣ್ಣಲ್ಲಿ ಮುಚ್ಚಿ. ಮಸಿ ತೆಗೆಯೋಕೆ ಇದೇ ಬಾಗಿಲು. ಕಿಂಡಿ ಇಲ್ಲದೆ ಕಟ್ಟಿದ ಒಲೆ ಆರು ತಿಂಗಳಲ್ಲಿ ಕಟ್ಕೊಂಡು ಬಿಡುತ್ತೆ, ಆಮೇಲೆ ಒಡೆಯದೇ ಬೇರೆ ದಾರಿ ಇಲ್ಲ.

ಹಂತ 8: ಒಣಗಿಸೋದು

7ರಿಂದ 10 ದಿನ ನೆರಳಲ್ಲಿ. ಅವಸರಕ್ಕೆ ಎರಡನೇ ದಿನಾನೇ ಉರಿ ಹಾಕಿದ್ರೆ ಒಳಗಿನ ನೀರು ಆವಿಯಾಗಿ ಮಣ್ಣನ್ನ ಸೀಳುತ್ತೆ. ಸಣ್ಣ ಬಿರುಕು ಬಂದೇ ಬರುತ್ತೆ, ಹೆದರ್ಬೇಡಿ, ಅದೇ ಮಣ್ಣನ್ನ ನೀರಾಗಿ ಕಲಸಿ ತುಂಬಿ. ಆಮೇಲೆ ಮೂರು ದಿನ ದಿನಕ್ಕೊಂದು ಸಲ ಸಣ್ಣ ಉರಿ, ಬರೀ ಪುರಲೆ (ಸಣ್ಣ ಒಣ ಕಡ್ಡಿ), ಅರ್ಧ ಗಂಟೆ. ನಾಲ್ಕನೇ ದಿನದಿಂದ ಅಡುಗೆ.

ಹಂತ 9: ಪರೀಕ್ಷೆ

ಎರಡೂ ಪಾತ್ರೇಲಿ ನೀರು ತುಂಬಿಸಿ ಕೂರಿಸಿ. ಒಲೆ ಬಾಯಿ ಹತ್ರ ಊದುಕಡ್ಡಿ ಹಚ್ಚಿ ಹಿಡೀರಿ, ಒಲೆ ತಣ್ಣಗಿದ್ರೂ ಹೊಗೆ ನಿಧಾನಕ್ಕೆ ಒಳಗೆ ವಾಲಿದ್ರೆ ಕೊಳವೆ ಎಳೀತಿದೆ ಅಂತ. ವಾಲದಿದ್ರೆ ಕಿಂಡಿ ತೆಗೆದು ಒಳಗೆ ಒಂದು ಹಿಡಿ ಒಣಗರಿ ಇಲ್ಲಾ ಪೇಪರ್ ಉರಿಸಿ ಕಿಂಡಿ ಮುಚ್ಚಿ, ಕೊಳವೆ ಬಿಸಿ ಆಗಿ ಎಳೆಯೋಕೆ ಶುರು ಮಾಡುತ್ತೆ. ಮಾಗಿ ಚಳೀಲಿ ಬೆಳಗಿನ ಜಾವ ನಂದಿ ಬೆಟ್ಟದ ಸುತ್ತಮುತ್ತಲ ಊರುಗಳಲ್ಲಿ ಕೊಳವೆ ಮಂಜಿನಂಗೆ ತಣ್ಣಗಿರುತ್ತೆ, ಆಗೆಲ್ಲ ದಿನಾ ಇದೇ ಉಪಾಯ ಮಾಡಿ.

ಈಗ ಉರಿ ಹಚ್ಚಿ, ಉರಿ ಹಿಡಿದ ಮೇಲೆ ಒಂದು ತುಂಡು ಒದ್ದೆ ತೆಂಗಿನ ನಾರು ಹಾಕಿ, ದಟ್ಟ ಹೊಗೆ ಏಳುತ್ತೆ. ಪಾತ್ರೆ ಅಂಚಲ್ಲಿ, ಇಟ್ಟಿಗೆ ಸಂದಲ್ಲಿ, ಕೊಳವೆ ಜಾಯಿಂಟಲ್ಲಿ ಎಲ್ಲಿ ಹೊಗೆ ಇಣುಕಿದ್ರೂ ಅಲ್ಲಿ ಬಳಪದಲ್ಲಿ ಗುರುತು ಹಾಕಿ ಆರಿದ ಮೇಲೆ ಮಣ್ಣು ಮೆತ್ತಿ.

ಸೌದೆ ಎಷ್ಟು ತಿನ್ನುತ್ತೆ ಅಂತಾನೂ ಅಳೀರಿ. 10 ಲೀಟರ್ ತಣ್ಣೀರು ಕುದಿ ಹತ್ರ ಬರೋಕೆ ಬೇಕಾದ ಶಾಖ ಒಂದಿಷ್ಟೂ ಪೋಲಾಗದೆ ಸಿಕ್ರೆ 200 ಗ್ರಾಂ ಒಣಸೌದೇಲೇ ಸಿಗುತ್ತೆ. ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲುಪೋ ಮೂರು ಕಲ್ಲಿನ ಒಲೆ ಅದಕ್ಕೇ 2 ಕೇಜಿ ಹತ್ರ ನುಂಗುತ್ತೆ. ನೀವು ಕಟ್ಟಿದ ಒಲೇಲಿ ಎರಡು ಪಾತ್ರೆ ನೀರೂ ಸೇರಿ 10 ಲೀಟರ್ ಲೆಕ್ಕಕ್ಕೆ 1 ಕೇಜಿ ಒಳಗೆ ಮುಗಿದ್ರೆ ಕೆಲಸ ಸರಿಯಾಗಿದೆ.

ದಿನಾ ಉರಿಸೋವಾಗ

ಸೌದೆ ಒಣಗಿಲ್ಲ ಅಂದ್ರೆ ಯಾವ ಒಲೇನೂ ಹೊಗೆ ನಿಲ್ಲಿಸಲ್ಲ. ಹಸಿ ಮರದಲ್ಲಿ ಹೆಚ್ಚೂಕಮ್ಮಿ ಅರ್ಧ ತೂಕ ನೀರೇ ಇರುತ್ತೆ, ಆ ನೀರು ಆವಿ ಮಾಡೋಕೇ ಉರಿ ಸವೆದು ಹೋಗುತ್ತೆ. ಎರಡು ತುಂಡು ಬಡಿದ್ರೆ ಟಣ್ ಅನ್ಬೇಕು, ಉರಿಯೋವಾಗ ತುದೀಲಿ ನೊರೆ ಬರ್ಬಾರ್ದು. ರೇಷ್ಮೆ ಕಡ್ಡಿ ಸಣ್ಣದು, ಮೂರ್ನಾಲ್ಕು ವಾರ ಬಿಸಿಲಿಗೆ ಹರಡಿದ್ರೆ ಸಾಕು, ಸಿಪ್ಪೆ ಹಸಿರಾಗಿರೋದನ್ನ ಹಾಕ್ಬೇಡಿ. ಹುಣಸೆ, ಜಾಲಿ, ನೀಲಗಿರಿ ಕೊರಡು ಸೀಳಿ ತಿಂಗಳುಗಟ್ಟಲೆ ಒಣಗಿಸ್ಬೇಕು. ತಿಪಟೂರು ಕಡೆಯೋರಿಗೆ ತೆಂಗಿನ ಚಿಪ್ಪು ಮಟ್ಟೆ ಇರುತ್ತೆ, ಚಿಪ್ಪು ತುಂಬಾ ಜೋರು ಶಾಖ, ಒಂದ್ಸಲಕ್ಕೆ ಎರಡು ಮೂರರ ಮೇಲೆ ಬೇಡ.

ಎಲ್ಲಾನೂ ಒಂದಡಿ ಉದ್ದಕ್ಕೆ ಕತ್ತರಿಸಿ. ಉದ್ದ ಕಡ್ಡಿ ಬಾಯಿಂದ ಹೊರಗೆ ಚಾಚ್ಕೊಂಡಿದ್ರೆ ಹೊರಗಿನ ತುದೀನೂ ಹೊಗೆ ಬಿಡುತ್ತೆ. ಸ್ವಲ್ಪ ಸ್ವಲ್ಪ ಹಾಕಿ, ಉರಿ ಹಿಡಿದ ಮೇಲೆ ಬಾಯಿಗೆ ತಗಡು ಅರ್ಧ ಮುಚ್ಚಿ, ಕೆಳಗಿನ ಬೂದಿ ಗುಂಡಿ ಮಾತ್ರ ಯಾವತ್ತೂ ತೆರೆದಿರ್ಲಿ.

ಮುದ್ದೆ ವಿಷ್ಯ ಬೇರೆಯಾಗೇ ಹೇಳ್ಬೇಕು. ಕೋಲು ಹಾಕಿ ತೊಳಸೋ ರಭಸಕ್ಕೆ ತೂತಿನ ಅಂಚು ತಡೆಯಲ್ಲ, ಪಾತ್ರೆ ಅಲ್ಲಾಡದಂಗೆ ಕವೆಗೋಲು ಕೊಟ್ಟು ಒಲೆ ಮೇಲೇ ತೊಳಸಿದ್ರೆ ಒಂದು ತಿಂಗಳಲ್ಲಿ ಅಂಚು ಉದುರಿ ಸಂದು ಬೀಳುತ್ತೆ. ಎಸರು, ಹಿಟ್ಟು ಬೇಯೋದು ಒಲೆ ಮೇಲಾಗ್ಲಿ, ತೊಳಸೋದು ಪಾತ್ರೆ ಕೆಳಗಿಳಿಸಿ ಆಗ್ಲಿ. ಇಳಿಸಿದ ಕ್ಷಣ ತೂತು ತೆರ್ಕೊಳ್ಳುತ್ತೆ, ಹೊಗೆ ಪೂರ್ತಿ ಅಲ್ಲಿಂದ ಏಳುತ್ತೆ, ಅಲ್ಲಿಗೇ ಆ ಹಳೇ ತವಾ ಮುಚ್ಚಿ.

ಕೆಟ್ಟ ಲಕ್ಷಣ ಕಂಡ್ರೆ ಏನು ನೋಡ್ಬೇಕು

ಶುರುವಿಂದಾನೂ ಬಾಯಲ್ಲಿ ಹೊಗೆ ಅಂದ್ರೆ ಕೊಳವೆ ಗಿಡ್ಡ, ಬಾಗು ಜಾಸ್ತಿ, ಇಲ್ಲಾ ಸುರಂಗ ಕಿರಿದು. ಮೊದಲು ಚೆನ್ನಾಗಿದ್ದು ಈಚೆಗೆ ಶುರು ಆಗಿದ್ರೆ ಮಸಿ ಕಟ್ಕೊಂಡಿದೆ, ಅಥವಾ ಕೊಳವೇಲಿ ಹಕ್ಕಿ ಗೂಡು ಕಟ್ಟಿದೆ.

ಪಾತ್ರೆ ಇಟ್ಟ ತಕ್ಷಣ ಉರಿ ಕುಗ್ಗಿ ತೆಗೆದ್ರೆ ಏಳ್ತಿದೆ ಅಂದ್ರೆ ಪಾತ್ರೆ ಜಾಸ್ತಿ ಆಳಕ್ಕೆ ಇಳಿದು ಸುರಂಗದ ಬಾಯಿ ಮುಚ್ತಿದೆ. ಸೌದೆ ಬರಬರ ಉರಿದು ಮುಗಿಯುತ್ತೆ, ಹಿಂದಿನ ಪಾತ್ರೆ ಮುಂದಿನದಕ್ಕಿಂತ ಬೇಗ ಕಾಯುತ್ತೆ ಅಂದ್ರೆ ಎಳೆತ ಜಾಸ್ತಿ ಆಗಿದೆ, ಬಾಯಿ ಇನ್ನಷ್ಟು ಮುಚ್ಚಿ ನೋಡಿ.

ಕೊಳವೆಯಿಂದ ಕಪ್ಪು ನೀರು, ಟಾರಿನ ಥರ, ಇಳೀತಿದ್ರೆ ಸೌದೆ ಹಸಿ. ಇದನ್ನ ಕಡೆಗಣಿಸ್ಬೇಡಿ, ಆ ಟಾರು ಒಳಗೆ ಅಂಟಿ ಒಣಗಿ ಒಂದಿನ ಕೊಳವೆ ಒಳಗೇ ಬೆಂಕಿ ಹತ್ಕೊಳ್ಳಬಹುದು. ಕೊಳವೇಲಿ ಗೊರ್ ಅಂತ ಸದ್ದು ಬಂದು ತುದೀಲಿ ಕಿಡಿ ಹಾರ್ತಿದ್ರೆ ತಕ್ಷಣ ಬಾಯಿ ಮತ್ತೆ ಬೂದಿ ಗುಂಡಿ ಎರಡನ್ನೂ ಒದ್ದೆ ಮಣ್ಣಿಂದ ಮುಚ್ಚಿ ಗಾಳಿ ನಿಲ್ಲಿಸಿ, ಮನೆಯೋರನ್ನ ಹೊರಗೆ ಕಳಿಸಿ, 101 ಇಲ್ಲಾ 112ಕ್ಕೆ ಫೋನ್ ಮಾಡಿ. ಕಾದ ಕೊಳವೆಗೆ ನೀರು ಎರಚ್ಬೇಡಿ.

ಜೀವದ ಪ್ರಶ್ನೆ ಇರೋ ನಾಲ್ಕು ಮಾತು

ಕಣ್ಣಿಗೆ ಕಾಣೋ ಹೊಗೆ ಇಲ್ಲ ಅಂದ ಮಾತ್ರಕ್ಕೆ ಗಾಳಿ ಶುದ್ಧ ಅಂತ ಅಲ್ಲ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಬಣ್ಣ ಏನೂ ಇಲ್ಲ. ಚಳಿ ಅಂತ ಬಾಂಡ್ಲೀಲಿ ಕೆಂಡ ತುಂಬಿ ಮಲಗೋ ರೂಮಲ್ಲಿ ಇಡೋದು, ಬಚ್ಚಲು ಒಳಗೇ ಹಂಡೆ ಒಲೆ ಉರಿಸಿ ಬಾಗಿಲು ಹಾಕ್ಕೊಂಡು ಸ್ನಾನ ಮಾಡೋದು, ಎರಡೂ ಜೀವ ತೆಗೀಬಹುದು. ತಲೆನೋವು, ತಲೆ ಸುತ್ತು, ವಾಕರಿಕೆ, ಅದೂ ಮನೇಲಿ ಇಬ್ಬರಿಗೆ ಒಟ್ಟಿಗೆ ಅನ್ಸಿದ್ರೆ ತಕ್ಷಣ ಹೊರಗೆ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಕೊಳವೆ ಇದ್ರೂ ಅಡುಗೆ ಮನೆ ಕಿಟಕಿ ಒಂದು ತೆರೆದೇ ಇರ್ಲಿ.

ಗ್ಯಾಸ್ ಸಿಲಿಂಡರ್ ಮತ್ತೆ ಸೌದೆ ಒಲೆ ಒಂದೇ ಕೋಣೇಲಿ ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲ ಹಿಡಿದು ಹರಿದು ಬಂದು ಕೆಂಡ ಮುಟ್ಟುತ್ತೆ. ಗ್ಯಾಸ್ ಸೋರಿಕೆಗೆ 1906 ಅನ್ನೋ ತುರ್ತು ನಂಬರ್ ಇದೆ, ಗೋಡೆ ಮೇಲೆ ಬರೆದಿಡಿ.

ಒಲೆ ಹಚ್ಚೋಕೆ ಡ್ರಿಪ್ ಪೈಪು ಚೂರು, ಟೊಮೇಟೊ ತೋಟದ ಮಲ್ಚಿಂಗ್ ಶೀಟು, ಔಷಧಿ ಕವರು ಬಳಸೋದು ನಮ್ಮೂರುಗಳಲ್ಲಿ ಅಭ್ಯಾಸ ಆಗೋಗಿದೆ, ಬೇಗ ಹತ್ಕೊಳ್ಳುತ್ತೆ ನಿಜ, ಆದ್ರೆ ಆ ಹೊಗೆ ಮಗುವಿನ ಎದೆಗೆ ಹೋಗುತ್ತೆ. ಒಣಗರಿ, ಚಿಪ್ಪಿನ ಚೂರು, ಪುರಲೆ ಇದಾವಲ್ಲ. ಸೀಮೆಎಣ್ಣೆ, ಪೆಟ್ರೋಲ್ ಕೆಂಡದ ಮೇಲೆ ಸುರೀಲೇಬೇಡಿ.

ಮಸಿ ತೆಗೆಯೋದು

ವಾರಕ್ಕೊಂದ್ಸಲ ಒಲೆ ಪೂರ್ತಿ ಆರಿದ ಮೇಲೆ ಎರಡನೇ ಪಾತ್ರೆ ಎತ್ತಿ ದಿಬ್ಬದ ಮೇಲಿನ ಮಸಿ ಗುಡಿಸಿ, ಸುರಂಗದೊಳಗೆ ತೆಂಗಿನ ನಾರು ಸುತ್ತಿದ ಕೋಲಾಡಿಸಿ. ಅಲ್ಲಿರೋದು ಒಂದೇ ಇಂಚು ಸಂದು, ಕಾಲಿಂಚು ಮಸಿ ಕೂತ್ರೂ ದಾರಿ ಕಮ್ಮಿ ಆಗುತ್ತೆ. ತಿಂಗಳಿಗೊಂದ್ಸಲ ಟೋಪಿ ತೆಗೆದು ಹಗ್ಗಕ್ಕೆ ಗೋಣಿ ಸುತ್ತಿದ ಕಲ್ಲು ಕಟ್ಟಿ ಕೊಳವೇಲಿ ಮೇಲಿಂದ ಎರಡು ಮೂರು ಸಲ ಇಳಿಸಿ ಎತ್ತಿ, ಕೆಳಗೆ ಕಿಂಡಿ ತೆಗೆದು ಬಿದ್ದ ಮಸಿ ಬಾಚಿ ಮತ್ತೆ ಮಣ್ಣಲ್ಲಿ ಮುಚ್ಚಿ. ಮೂಗಿಗೆ ಬಟ್ಟೆ ಕಟ್ಕೊಳ್ಳಿ. ಮಳೆಗಾಲ ಶುರು ಆಗೋಕೆ ಮುಂಚೆ, ಮೇ ಕೊನೇಲಿ, ಶೀಟಿನ ಕಾಲರ್, ಟೋಪಿ, ಕ್ಲಾಂಪ್ ಮೂರೂ ಅಲ್ಲಾಡಿಸಿ ನೋಡಿ. ತೂತಿನ ಅಂಚು ಸವೆದಿದ್ರೆ ಹಿಂದಿನ ದಿನ ನೆನೆಸಿದ ಮಣ್ಣು ಮೆತ್ತಿ, ಬೂದಿ ಸವರಿದ ಅದೇ ಪಾತ್ರೆ ಇಟ್ಟು ತಿರುಗಿಸಿ, ರಾತ್ರಿ ಪೂರ್ತಿ ಒಣಗೋಕೆ ಬಿಡಿ.